ಕಂಪ್ಯೂಟರ್ ಕೆಟ್ಟರೆ ಕೂಲಿ ಯಾಕೆ ನಿಲ್ಲಬೇಕು?



ಮಂಡಲ ಕಚೇರಿಗೆ ಹೋಗಿ, ತಾಲ್ಲೂಕು ಕಚೇರಿಗೆ ಹೋಗಿ, ತೋಟದ ಆಫೀಸಿಗೇ ಹೋಗಿ, ಈಗ ಕೂಲಿಯವನಿಗೆ ಸಿಗುವ ಉತ್ತರ ಒಂದೇ: "ಕಂಪ್ಯೂಟರ್ ಕೆಟ್ಟಿದೆ, ಸೋಮವಾರ ಬಾ." ಹಿಂದೆ "ಸಾಹೇಬರಿಲ್ಲ" ಎನ್ನುತ್ತಿದ್ದರು. ಸಾಹೇಬರು ಇದ್ದಾರೋ ಇಲ್ಲವೋ ಎಂಬುದು ಹೊರಗೆ ನಿಂತ ಜೀಪು ನೋಡಿದರೆ ತಿಳಿಯುತ್ತಿತ್ತು. ಕಂಪ್ಯೂಟರ್ ನಿಜವಾಗಿ ಕೆಟ್ಟಿದೆಯೋ, ಕೆಟ್ಟಿದ್ದರೆ ಏನು ಕೆಟ್ಟಿದೆ, ರಿಪೇರಿಗೆ ಯಾರಿಗೆ ಹೇಳಿದ್ದಾರೆ ಎಂಬುದು ನಮಗೆ ತಿಳಿಯುವುದಿಲ್ಲ. ತಿಳಿಯದ ಕಾರಣ ತಲೆಯಾಡಿಸಿ ಹಿಂದಿರುಗುತ್ತೇವೆ. ಹೀಗೆ ಸುಮ್ಮನೆ ಹಿಂದಿರುಗುವುದನ್ನು ನಾವು ನಿಲ್ಲಿಸಬೇಕು ಎಂಬುದೇ ಈ ಬರಹದ ವಾದ.

ನಮ್ಮ ಲೈನ್‌ಮನೆಗಳಲ್ಲಿ ಎಲ್ಲರೂ ಇದೇ ಸೀಮೆಯವರಲ್ಲ. ಅನಂತಪುರ ಜಿಲ್ಲೆಯ ಬೆಳುಗುಪ್ಪ, ರಾಯದುರ್ಗದ ಕಡೆಯ ಕುಟುಂಬವೊಂದನ್ನು ನೆನೆಯಿರಿ. ಶೇಂಗಾ ಬಿತ್ತಿ, ಮಳೆ ಕೈಕೊಟ್ಟು, ಕೂಲಿ ಹುಡುಕಿ ತೋಟ ಸೇರಿದವರು. ಅವರ ರೇಷನ್ ಕಾರ್ಡು, ಮಗುವಿನ ಜನನ ಪತ್ರ, ಅಪ್ಪನ ಹೆಸರಿನ ಜಮೀನಿನ ಅಡಂಗಲ್, ಎಲ್ಲವೂ ಅಲ್ಲೇ. ಒಂದು ಪತ್ರ ಬೇಕಾದರೆ ಚಿತ್ರದುರ್ಗ, ಚಳ್ಳಕೆರೆ ದಾಟಿ ಹೋಗಬೇಕು. ಹೋಗಲು ಒಂದು ದಿನ, ಬರಲು ಒಂದು ದಿನ, ಕಚೇರಿಯಲ್ಲಿ ಒಂದು ದಿನ. ಮೂರು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಅಷ್ಟು ದೂರ ಹೋಗಿ ನಿಂತಾಗ ಕಿಟಕಿಯ ಒಳಗಿನಿಂದ "ಸಿಸ್ಟಂ ಪನಿಚೇಯಡಂ ಲೇದಮ್ಮಾ, ರೇಪು ರಾ" ಎಂಬ ಮಾತು ಬಂದರೆ ಆ ತಾಯಿ ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕೆಟ್ಟ ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷು. ಮೂರು ಭಾಷೆ ದಾಟಿದರೂ ಕೈಗೆ ಪತ್ರವಿಲ್ಲ.

ಯಂತ್ರ ಎಂದಮೇಲೆ ಕೆಡುವುದು ಸಹಜ, ಗುಮಾಸ್ತನಾದರೂ ಏನು ಮಾಡಿಯಾನು ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ಕೆಡುವುದು ಸಹಜ, ಒಪ್ಪಿದೆ. ಆದರೆ ಕೆಟ್ಟದ್ದು ವಾರಗಟ್ಟಲೆ ಕೆಟ್ಟೇ ಇರುವುದು ಸಹಜವಲ್ಲ. ಪಲ್ಪರ್ ಕೆಟ್ಟರೆ ಯಾವ ತೋಟದ ದೊರೆಯಾದರೂ ಸೋಮವಾರದವರೆಗೆ ಕಾಯುತ್ತಾನೆಯೇ? ಹಣ್ಣು ಕೊಳೆಯುತ್ತದೆ ಎಂದು ರಾತ್ರಿಯೇ ಮೆಕ್ಯಾನಿಕ್‌ನನ್ನು ಕರೆಸುತ್ತಾನೆ. ಕಚೇರಿಯ ಕಂಪ್ಯೂಟರ್ ಕೆಟ್ಟಾಗ ಕೊಳೆಯುವುದು ನಮ್ಮ ದಿನ, ನಮ್ಮ ಕೂಲಿ. ಅದಕ್ಕೇ ಅಲ್ಲಿ ಅವಸರವಿಲ್ಲ.

ಇನ್ನೊಂದು ಮಾತು. ಕಂಪ್ಯೂಟರನ್ನು ನಾವು ಕೇಳಿ ತರಿಸಿದ್ದಲ್ಲ. ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ನಡೆಯದೆ ಹೋಯಿತು. ಆಂಧ್ರದಲ್ಲಿ 2011ರಲ್ಲಿ ಮೀಸೇವಾ ಬಂತು, 2019ರ ಅಕ್ಟೋಬರ್ 2ರಿಂದ ಗ್ರಾಮ ಸಚಿವಾಲಯಗಳು ಬಂದವು. ಊರ ಬಾಗಿಲಿಗೇ ಕಚೇರಿ ಬಂದದ್ದು ಒಳ್ಳೆಯದೇ. ಆದರೆ ಅಲ್ಲಿ ಕೆಲಸವೆಲ್ಲ ಮೇಜಿನ ಮೇಲಿನ ಆ ಪೆಟ್ಟಿಗೆಯ ಮೂಲಕವೇ ಆಗಬೇಕು. ಕಾಗದದ ದಾರಿಯನ್ನು ಮುಚ್ಚಿದವರು ಯಾರೋ, ಯಂತ್ರದ ದಾರಿಯನ್ನು ತೆರೆದಿಡುವ ಹೊಣೆಯೂ ಅವರದೇ. ಅದು ನಮಗೆ ಮಾಡುವ ಉಪಕಾರವಲ್ಲ.

ಅನಂತಪುರ ಜಿಲ್ಲೆಗೆ ಈ ವಿಷಯ ಹೊಸದಲ್ಲ. ರಾಷ್ಟ್ರೀಯ ಉದ್ಯೋಗ ಖಾತ್ರಿ ಯೋಜನೆಯನ್ನು 2006ರ ಫೆಬ್ರವರಿ 2ರಂದು ಪ್ರಧಾನಿ ಮನಮೋಹನ ಸಿಂಗರು ಪ್ರಾರಂಭಿಸಿದ್ದು ಇದೇ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಆಂಧ್ರದಲ್ಲಿ ಆ ಲೆಕ್ಕವೆಲ್ಲ ಮೊದಲಿನಿಂದಲೂ ಮಂಡಲದ ಕಂಪ್ಯೂಟರಿನಲ್ಲೇ ನಡೆಯಿತು. ಹಾಜರಿ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದರೇ ಕೂಲಿ ಮಂಜೂರು, ಏರಿಸದಿದ್ದರೆ ಗುಂಡಿ ತೋಡಿದ ಕೈಗೆ ಕಾಸಿಲ್ಲ. ಆ ಕಾಯಿದೆ ಹದಿನೈದು ದಿನದೊಳಗೆ ಕೂಲಿ ಕೊಡಬೇಕೆಂದಿತ್ತು. ತಡವಾದರೆ ದಿನಕ್ಕೆ ನೂರಕ್ಕೆ 0.05ರಂತೆ ಪರಿಹಾರ, ಅಂದರೆ ಸಾವಿರ ರೂಪಾಯಿಗೆ ದಿನಕ್ಕೆ ಐವತ್ತು ಪೈಸೆ. ಮೊತ್ತ ಚಿಕ್ಕದು, ಆದರೆ ತಡಕ್ಕೆ ಹೊಣೆ ಕಚೇರಿಯದು ಎಂಬ ತತ್ವ ದೊಡ್ಡದು. 2018ರಲ್ಲಿ ಸುಪ್ರೀಂ ಕೋರ್ಟು ಕೂಡ ಆಡಳಿತದ ಕೊರತೆಗಳಿದ್ದರೆ ಸರ್ಕಾರವೇ ಸರಿಪಡಿಸಿಕೊಳ್ಳಬೇಕು, ಕೂಲಿಗಾರ ಅದಕ್ಕಾಗಿ ಕಾಯಬೇಕಾಗಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯಿದೆಯ ಜಾಗಕ್ಕೆ ಬೇರೆ ಕಾಯಿದೆ ತಂದಿತು. ಕಾಯಿದೆ ಬದಲಾದರೂ ಮೇಜಿನ ಮೇಲಿನ ಪೆಟ್ಟಿಗೆ ಬದಲಾಗಲಿಲ್ಲ.

ಈಗ ಆ ಪೆಟ್ಟಿಗೆಯ ಒಳಗೆ ಸ್ವಲ್ಪ ನೋಡೋಣ. ಹೆದರಬೇಡಿ, ಅಡುಗೆಮನೆಯ ಮಿಕ್ಸಿಯಷ್ಟೇ ಅದೂ ಒಂದು ಯಂತ್ರ.

"ಕೆಟ್ಟಿದೆ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಪೆಟ್ಟಿಗೆಯೇ ಕೆಟ್ಟಿರಬಹುದು, ಇಂಟರ್‌ನೆಟ್ ಲೈನು ಹೋಗಿರಬಹುದು, ಇಲ್ಲವೆ ದೂರದ ಊರಿನಲ್ಲಿರುವ ಸರ್ಕಾರದ ಸರ್ವರ್ ನಿಂತಿರಬಹುದು. ಇದನ್ನು ಬಿಡಿಸಿ ನೋಡಲು ವಿದ್ಯೆ ಬೇಡ. ಪಕ್ಕದ ಊರಿನ ಕಚೇರಿಯಲ್ಲಿ ಅದೇ ಕೆಲಸ ನಡೆಯುತ್ತಿದ್ದರೆ ಸರ್ವರ್ ನಿಂತಿಲ್ಲ. ನಿಮ್ಮ ಮಗನ ಮೊಬೈಲಿನಲ್ಲಿ ಅದೇ ವೆಬ್‌ಸೈಟು ತೆರೆದುಕೊಂಡರೂ ಸರ್ವರ್ ನಿಂತಿಲ್ಲ. ಆಗ ಕೆಟ್ಟಿರುವುದು ಆ ಕೋಣೆಯೊಳಗಿನ ಯಾವುದೋ ಒಂದು ವಸ್ತು, ಇಲ್ಲವೆ ಆ ಕೋಣೆಗೆ ಬರುವ ಇಂಟರ್‌ನೆಟ್ ಲೈನು. ಅದನ್ನು ಸರಿಮಾಡಿಸುವ ಹೊಣೆ ಆ ಕೋಣೆಯವರದು.

ಆ ಸೀಮೆಯ ಒಂದು ಕಚೇರಿಯಲ್ಲಿ (ಹೆಸರು ಬೇಡ) ನಾನೇ ಕಂಡದ್ದು ಹೇಳುತ್ತೇನೆ. ನಾಲ್ಕು ದಿನದಿಂದ "ಸರ್ವರ್ ಡೌನ್" ಎಂದು ಜನರನ್ನು ಕಳಿಸುತ್ತಿದ್ದರು. ಕಂಪ್ಯೂಟರ್ ಚಾಲೂ ಆಗುತ್ತಿತ್ತು, ಆದರೆ ಯಾವ ಸರ್ಕಾರಿ ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ಮೂಲೆಯಲ್ಲಿ ತಾರೀಖು ನೋಡಿದರೆ ಎಷ್ಟೋ ವರ್ಷ ಹಿಂದಿನದು! ಮದರ್‌ಬೋರ್ಡಿನ ಮೇಲೆ ನಾಲ್ಕಾಣೆ ಬಿಲ್ಲೆಯಂಥ ಒಂದು ಬ್ಯಾಟರಿ ಇರುತ್ತದೆ, ಅಂಗಡಿಯಲ್ಲಿ ಸಿ.ಆರ್. 2032 ಎಂದರೆ ಕೊಡುತ್ತಾರೆ. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಸತ್ತರೆ ಪ್ರತಿಸಲ ಕರೆಂಟು ಹೋಗಿ ಬಂದಾಗ ತಾರೀಖು ಹಿಂದಕ್ಕೆ ಬೀಳುತ್ತದೆ. ಭದ್ರತೆಯ ವೆಬ್‌ಸೈಟುಗಳು ತೆರೆಯುವ ಮೊದಲು ಒಂದು ಪ್ರಮಾಣಪತ್ರ ತೋರಿಸುತ್ತವೆ. ಕಂಪ್ಯೂಟರ್ ತನ್ನ ತಪ್ಪು ತಾರೀಖನ್ನು ನಂಬಿ "ಈ ಪತ್ರ ಇನ್ನೂ ಊರ್ಜಿತವಾಗಿಲ್ಲ" ಎಂದು ಬಾಗಿಲು ಹಾಕುತ್ತದೆ. ರೋಗ ಇಷ್ಟೇ. ತಾರೀಖು ಸರಿಮಾಡಿದರೆ ಆ ಹೊತ್ತಿನ ಕೆಲಸ ನಡೆಯುತ್ತದೆ, ಬ್ಯಾಟರಿ ಬದಲಿಸಿದರೆ ರೋಗ ಹೋಗುತ್ತದೆ. ಬ್ಯಾಟರಿಯ ಬೆಲೆ ಅರ್ಧ ದಿನದ ಕೂಲಿಗಿಂತ ಎಷ್ಟೋ ಕಡಿಮೆ. ಅಷ್ಟಕ್ಕಾಗಿ ನಾಲ್ಕು ದಿನ ಎಷ್ಟು ಜನ ಕೂಲಿ ಬಿಟ್ಟು ಬಂದು ಬರಿಗೈಯಲ್ಲಿ ಹೋದರೆಂದು ಯಾರೂ ಲೆಕ್ಕ ಬರೆದಿಡಲಿಲ್ಲ.

ಬಹುಪಾಲು ಕೇಡುಗಳು ಇಂಥವೇ. ಪರದೆ ಕಪ್ಪಾಗಿ ಅದರ ದೀಪ ಕಿತ್ತಳೆ ಬಣ್ಣಕ್ಕೆ ನಿಂತರೆ ಅನೇಕ ಸಲ ಹಿಂದಿನ ವೈರು ಸಡಿಲಾಗಿರುತ್ತದೆ. ಪೆಟ್ಟಿಗೆ ಬೀಪ್ ಬೀಪ್ ಎಂದು ಕೂಗಿ ಪರದೆ ಬಾರದಿದ್ದರೆ ಸಾಮಾನ್ಯವಾಗಿ ರ್‍ಯಾಮ್ ಎಂಬ ಪಟ್ಟಿಯ ದೂರು: ತೆಗೆದು, ಹೊಳೆಯುವ ಅಂಚನ್ನು ಮಕ್ಕಳ ರಬ್ಬರಿನಿಂದ ಒರೆಸಿ ಮತ್ತೆ ಕೂರಿಸಿದರೆ ಹತ್ತಕ್ಕೆ ಆರೇಳು ಸಲ ಎದ್ದು ಕೂರುತ್ತದೆಂದು ರಿಪೇರಿ ಹುಡುಗರು ಹೇಳುತ್ತಾರೆ. ಚಾಲೂ ಆಗಿ ಹತ್ತು ನಿಮಿಷಕ್ಕೆ ತಾನೇ ಆರಿಹೋದರೆ ಒಳಗಿನ ಫ್ಯಾನು ಧೂಳು ತುಂಬಿ ನಿಂತಿರಬಹುದು, ಬಿಸಿ ತಾಳದೆ ಯಂತ್ರ ತನ್ನನ್ನು ತಾನೇ ಉಳಿಸಿಕೊಳ್ಳುತ್ತದೆ. ಜೀವವೇ ಇಲ್ಲದಿದ್ದರೆ ಕರೆಂಟನ್ನು ಹದಮಾಡಿ ಕೊಡುವ ಎಸ್.ಎಂ.ಪಿ.ಎಸ್. ಡಬ್ಬಿ ಸುಟ್ಟಿರಬಹುದು. ಈ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ನಿಂತಿರುತ್ತದೆ, ಹೊಡೆಯುತ್ತದೆ. ಪೂರ್ತಿ ಡಬ್ಬಿಯನ್ನೇ ಬದಲಿಸಬೇಕು. ಕಟಕಟ ಸದ್ದು ಬರುವ ಹಾರ್ಡ್‌ಡಿಸ್ಕಿನ ವಿಷಯ ಬೇರೆ. ಅದನ್ನು ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದೇ ಅದರ ಮರಣಕ್ಕೆ ದಾರಿ.

ಬೆಳುಗುಪ್ಪದ ಕಡೆ ಇವು ಬೇಗ ಕೆಡಲು ಕಾರಣವಿದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಒಣಸೀಮೆ ಅದು. ಶೇಂಗಾ ಬಡಿಯುವ ಕಾಲದಲ್ಲಿ ಧೂಳೇ ಧೂಳು. ಬೇಸಿಗೆಯ ಬಿಸಿಗೆ ಯು.ಪಿ.ಎಸ್. ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಬ್ಯಾಟರಿ ತಯಾರಿಸುವವರದೇ ಲೆಕ್ಕ. ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟಾಗ ವೋಲ್ಟೇಜು ಕುಸಿಯುತ್ತದೆ. ಸುತ್ತಮುತ್ತ ಗುಡ್ಡಗಳ ಮೇಲೆ ದೊಡ್ಡ ದೊಡ್ಡ ಗಾಳಿಯಂತ್ರಗಳು ತಿರುಗಿ ಕರೆಂಟು ಹುಟ್ಟಿಸುತ್ತಿರುತ್ತವೆ, ಕೆಳಗೆ ಕಚೇರಿಯಲ್ಲಿ ಯು.ಪಿ.ಎಸ್. ಕೂಗುತ್ತಿರುತ್ತದೆ! ಇನ್ನು ಅರ್ತಿಂಗ್. ನೆಲದಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಅರ್ತ್ ಕೊಡುತ್ತಾರೆ. ಆ ಗುಂಡಿಗೆ ತೇವ ಬೇಕು. ಒಣಭೂಮಿಯಲ್ಲಿ ನೀರು ಹಾಕುವವರಿಲ್ಲದೆ ಅದು ಸತ್ತಿರುತ್ತದೆ, ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತದೆ, ಬಿಡಿಭಾಗಗಳು ಒಂದೊಂದಾಗಿ ಸುಡುತ್ತವೆ. ವಾರಕ್ಕೆ ಎರಡು ಕೊಡ ನೀರು ಹಾಕಿಸುವುದು ಯಾವ ಇಲಾಖೆಗೆ ಭಾರ? ನಮ್ಮ ಮಲೆನಾಡಿನಲ್ಲಿ ಕಥೆ ಬೇರೆ: ಏಪ್ರಿಲ್-ಮೇ ತಿಂಗಳ ಸಿಡಿಲು ಟೆಲಿಫೋನ್ ಲೈನಿನಿಂದಲೇ ಒಳಗೆ ಬಂದು ಮೋಡೆಮ್ ಸುಟ್ಟು ಹೋಗುತ್ತದೆ, ಮಳೆಗಾಲದ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಮೋಡ ಕಟ್ಟಿದಾಗ ಪ್ಲಗ್ಗೂ ಲೈನೂ ಎರಡನ್ನೂ ಕೀಳಬೇಕೆಂದು ರೈಟರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹೀಗೆ ಸಣ್ಣ ಕೇಡಾದರೆ ಯಾಕೆ ತಿಂಗಳು ಹಿಡಿಯುತ್ತದೆ? ಕೇಡಿನಲ್ಲಿ ತಡವಿಲ್ಲ, ಸರ್ವೀಸಿನಲ್ಲಿ ತಡ. ಇದೇ ಮುಖ್ಯ ವಿಷಯ.

ಹೊಸ ಕಂಪ್ಯೂಟರಿಗೆ ಕೆಲವು ವರ್ಷ ಕಂಪೆನಿಯ ವಾರಂಟಿ ಇರುತ್ತದೆ. ಪೆಟ್ಟಿಗೆಯ ಹಿಂಭಾಗದಲ್ಲೋ ಪಕ್ಕದಲ್ಲೋ ಅಂಟಿಸಿದ ಚೀಟಿಯಲ್ಲಿ ಅದರ ಸೀರಿಯಲ್ ನಂಬರ್ ಉಂಟು. ದೊಡ್ಡ ಕಂಪೆನಿಗಳ ಪೆಟ್ಟಿಗೆಯಾದರೆ ಆ ನಂಬರಿನಿಂದಲೇ ವಾರಂಟಿ ಎಂದಿನವರೆಗೆ ಎಂದು ಮೊಬೈಲಿನಲ್ಲೇ ನೋಡಬಹುದು. ಎಷ್ಟೋ ಕಡೆ ವಾರಂಟಿ ಇದ್ದಾಗಲೇ ಪೆಟ್ಟಿಗೆ ಮೂಲೆ ಸೇರುತ್ತದೆ, ಯಾಕೆಂದರೆ ಖರೀದಿಯ ಕಾಗದ ಜಿಲ್ಲಾ ಕಚೇರಿಯ ಬೀರುವಿನಲ್ಲಿ, ಪೆಟ್ಟಿಗೆ ಹಳ್ಳಿಯಲ್ಲಿ. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಯ ಕರಾರು, ಅದನ್ನೇ ಎ.ಎಂ.ಸಿ. ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಬಿಡಿಭಾಗವೂ ಸೇರಿದೆ. ಇನ್ನೊಂದರಲ್ಲಿ ಬಂದು ನೋಡುವ ಕೂಲಿ ಮಾತ್ರ. ಕಡಿಮೆ ದುಡ್ಡಿಗೆಂದು ಎರಡನೆಯದಕ್ಕೆ ಸಹಿ ಹಾಕಿದರೆ ಇಂಜಿನಿಯರ್ ಬರುತ್ತಾನೆ, "ಎಸ್.ಎಂ.ಪಿ.ಎಸ್. ಹೋಗಿದೆ" ಎಂದು ಪುಸ್ತಕದಲ್ಲಿ ಬರೆದು ಹೋಗುತ್ತಾನೆ. ಅವನ ಕೆಲಸ ಮುಗಿಯಿತು. ಆಮೇಲೆ ಕೊಟೇಶನ್ ತರಿಸಬೇಕು, ಮೇಲಿನವರ ಮಂಜೂರಾತಿ ಬೇಕು, ಬಿಲ್ಲು ಖಜಾನೆಗೆ ಹೋಗಬೇಕು. ಕೂಲಿಯ ಕೆಲವೇ ದಿನದ ದುಡ್ಡಿಗೆ ಸಿಗುವ ಡಬ್ಬಿಗೆ ಮೂರು ತಿಂಗಳು. ಯು.ಪಿ.ಎಸ್. ಬ್ಯಾಟರಿಯನ್ನಂತೂ ಅನೇಕ ಕರಾರುಗಳಲ್ಲಿ ಹೊರಗೇ ಇಟ್ಟಿರುತ್ತಾರೆ, ಮೊದಲು ಸಾಯುವುದು ಅದೇ ಆದ್ದರಿಂದ.

ಒಳ್ಳೆಯ ಕರಾರಿನಲ್ಲಿ ಇಷ್ಟು ಗಂಟೆಯೊಳಗೆ ಬರಬೇಕು, ಇಷ್ಟು ದಿನದೊಳಗೆ ಸರಿಮಾಡಬೇಕು, ಇಲ್ಲವಾದರೆ ಬದಲಿ ಯಂತ್ರ ಇಡಬೇಕು, ತಪ್ಪಿದರೆ ದಂಡ ಎಂದು ಬರೆದಿರುತ್ತದೆ. ದಂಡ ಹಾಕಲು ಆಧಾರ ಬೇಕಲ್ಲ? ಆಧಾರವೆಂದರೆ ದೂರಿನ ನಂಬರ್. ದೂರನ್ನು ಬರೆಸದೆ ಪರಿಚಯದ ಹುಡುಗನಿಗೆ ಫೋನು ಮಾಡಿ "ಬಿಡುವಾದಾಗ ಬಾರಪ್ಪ" ಎಂದರೆ ಕಂಪೆನಿಯ ಲೆಕ್ಕದಲ್ಲಿ ಆ ಯಂತ್ರ ಒಂದು ದಿನವೂ ಕೆಟ್ಟೇ ಇಲ್ಲ. ಕಚೇರಿಯವರು ಕರಾರಿನ ಹಣ ಪೂರ್ತಿ ಕೊಡುತ್ತಾರೆ. ನಾವು ಕೂಲಿ ಕಳೆದುಕೊಂಡು ನಿಂತಿರುತ್ತೇವೆ.

ಇಷ್ಟು ಹೇಳಿದ್ದಕ್ಕೆ ಕಿಟಕಿಯ ಒಳಗೆ ಕೂತ ಆಪರೇಟರನ ಮೇಲೆ ಸಿಟ್ಟಾಗಬೇಡಿ. ಅನೇಕ ಕಡೆ ಅವನೂ ಗುತ್ತಿಗೆಯವನೇ, ಅವನ ಸಂಬಳವೂ ತಡವಾಗಿಯೇ ಬರುವುದು. ಮೌಸ್ ಕೆಟ್ಟರೆ ತನ್ನ ಜೇಬಿನಿಂದ ತರುವವರೂ ಇದ್ದಾರೆ. ಸೀಲ್ ಒಡೆದರೆ ವಾರಂಟಿ ಹೋಗುತ್ತದೆ, ನಿನ್ನ ತಲೆಗೆ ಬರುತ್ತದೆ ಎಂದು ಮೇಲಿನವರು ಹೆದರಿಸಿರುವುದರಿಂದ ಅವನು ಪೆಟ್ಟಿಗೆ ಮುಟ್ಟುವುದಿಲ್ಲ. ಆ ಹೆದರಿಕೆಯಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ವೈರು ಬಿಗಿಮಾಡಲು, ತಾರೀಖು ನೋಡಲು, ದೂರು ಬರೆಸಿ ನಂಬರ್ ಪಡೆಯಲು ಸೀಲ್ ಒಡೆಯಬೇಕಾಗಿಲ್ಲ. ಇಷ್ಟನ್ನು ಅವನಿಗೆ ಕಲಿಸದೆ ಕೂರಿಸಿದವರು ಮೇಲಿದ್ದಾರೆ. ನಮ್ಮ ಪ್ರಶ್ನೆ ಅವರಿಗೆ.

"ಹಳೆಯ ಪುಸ್ತಕದ ಕಾಲವೇ ಚೆನ್ನಾಗಿತ್ತು" ಎನ್ನುವ ಹಿರಿಯರಿಗೂ ಒಂದು ಮಾತು. ಹಳೆಯ ಪುಸ್ತಕದಲ್ಲಿ ಸತ್ತವರ ಹೆಸರಿಗೂ ಹಾಜರಿ ಬೀಳುತ್ತಿತ್ತು, ಬದುಕಿದ್ದವರ ಹೆಬ್ಬೆಟ್ಟು ಬೇರೆಯವರು ಒತ್ತುತ್ತಿದ್ದರು. ನಾವು ಅಲ್ಲಿಗೆ ವಾಪಸು ಹೋಗಬೇಕಾಗಿಲ್ಲ. ಕಂಪ್ಯೂಟರ್ ಇರಲಿ. ಕೆಟ್ಟ ದಿನ ಕಾಗದವೂ ನಡೆಯಲಿ.

ನಮ್ಮ ತೋಟದ ಆಫೀಸಿಗೆ ಬರೋಣ. ಚೆಕ್‌ರೋಲ್ ಈಗ ಅನೇಕ ತೋಟಗಳಲ್ಲಿ ಕಂಪ್ಯೂಟರಿನಲ್ಲೇ ಇದೆ. ಒಂದೇ ಪೆಟ್ಟಿಗೆ, ಒಂದೇ ಹಾರ್ಡ್‌ಡಿಸ್ಕ್, ನಕಲು ಇಟ್ಟವರು ಕಡಿಮೆ. ವಾರಂಟಿ ಇದ್ದರೆ ಕಂಪೆನಿ ಹೊಸ ಡಿಸ್ಕ್ ಕೊಟ್ಟೀತು, ಹಳೆಯದರಲ್ಲಿದ್ದ ನಿಮ್ಮ ಹಾಜರಿಯನ್ನು ಯಾವ ವಾರಂಟಿಯೂ ಕೊಡುವುದಿಲ್ಲ. ಬೋನಸ್ಸಿನ ಹೊತ್ತಿಗೆ "ಡಿಸ್ಕ್ ಹೋಯಿತು, ಹೋದ ವರ್ಷದ ದಿನಗಳು ಸಿಗುತ್ತಿಲ್ಲ" ಎಂದರೆ ಏನು ಮಾಡುತ್ತೀರಿ? ಆದಕಾರಣ ವೇತನದ ಚೀಟಿ ಕಾಗದದಲ್ಲೇ ಕೇಳಿ ಪಡೆಯಿರಿ, ಟ್ರಂಕಿನಲ್ಲಿ ಜೋಪಾನವಾಗಿಡಿ. ಕೊಡಲೇಬೇಕೆಂದು ವೇತನ ಸಂಹಿತೆಯಲ್ಲಿದೆ. ಸಂಬಳದ ದಿನದ ಮಾತೂ ಹಾಗೆಯೇ. 1936ರ ವೇತನ ಪಾವತಿ ಕಾಯಿದೆಯಲ್ಲಿ ಸಾವಿರಕ್ಕಿಂತ ಕಡಿಮೆ ಜನರಿದ್ದ ಕಡೆ ಏಳನೇ ದಿನದೊಳಗೆ, ಉಳಿದ ಕಡೆ ಹತ್ತನೇ ದಿನದೊಳಗೆ ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ತಿಂಗಳ ಸಂಬಳದವರಿಗೆಲ್ಲ ಮುಂದಿನ ತಿಂಗಳ ಏಳನೇ ದಿನದೊಳಗೆ, ವಾರದ ಬಟವಾಡೆಯವರಿಗೆ ವಾರದ ಕೊನೆಯ ಕೆಲಸದ ದಿನವೇ. ಕಂಪ್ಯೂಟರ್ ಕೆಟ್ಟರೆ ಹೊರತು ಎಂಬ ಮಾತು ಹಳೆಯದರಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ಭವಿಷ್ಯನಿಧಿಯ ಲೆಕ್ಕ ತಡವಾಗಿ ಕಟ್ಟಿದರೆ ಬಡ್ಡಿ ತೆರಬೇಕಾದವನು ಮಾಲೀಕ, ಕೂಲಿಯವನಲ್ಲ.

ಇನ್ನು ಮುಂದೆ ಕಿಟಕಿಯಲ್ಲಿ "ಕೆಟ್ಟಿದೆ" ಎಂದಾಗ ಜಗಳವಾಡದೆ, ಆದರೆ ಹಿಂದಿರುಗದೆ, ಕೇಳಿ: "ಸಾರ್, ಎಂದಿನಿಂದ ಕೆಟ್ಟಿದೆ? ದೂರು ಕೊಟ್ಟ ನಂಬರ್ ಯಾವುದು? ನನ್ನ ಅರ್ಜಿಯನ್ನು ಕಾಗದದಲ್ಲಿ ತೆಗೆದುಕೊಂಡು ಇವತ್ತಿನ ತಾರೀಖು ಹಾಕಿ ಸ್ವೀಕೃತಿ ಕೊಡಿ." ಒಬ್ಬರೇ ಕೇಳಿದರೆ ನಗುತ್ತಾರೆ, ಆರು ಜನ ಕೇಳಿದರೆ ಪೆನ್ನು ಹುಡುಕುತ್ತಾರೆ. ಸ್ವೀಕೃತಿ ಕೈಯಲ್ಲಿದ್ದರೆ ತಡವಾದದ್ದು ನಿಮ್ಮಿಂದಲ್ಲ ಎಂಬುದಕ್ಕೆ ಸಾಕ್ಷಿ. ಅನಂತಪುರದ ಕಡೆಯವರು ಸೋಮವಾರ ಕಲೆಕ್ಟರ್ ಕಚೇರಿಯ ಅಹವಾಲು ಸಭೆಗೆ ಅದರ ನಕಲನ್ನೇ ಒಯ್ಯಬಹುದು. ಮಡಕಶಿರಾದವರಿಗೆ 2022ರ ಏಪ್ರಿಲ್‌ನಿಂದ ಜಿಲ್ಲೆ ಬೇರೆ, ಅವರು ಪುಟ್ಟಪರ್ತಿಗೆ ಹೋಗಬೇಕು.

ಓದು ಬಲ್ಲ ನಮ್ಮ ಯುವಕರು ಇನ್ನೊಂದು ಕೆಲಸ ಮಾಡಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಒಂದು ಅರ್ಜಿ ಬರೆಯಿರಿ. ಈ ಕಚೇರಿಯಲ್ಲಿ ಎಷ್ಟು ಕಂಪ್ಯೂಟರ್, ಎಷ್ಟು ನಡೆಯುತ್ತಿವೆ, ವಾರಂಟಿ ಎಂದಿನವರೆಗೆ, ನಿರ್ವಹಣೆಯ ಕರಾರು ಯಾರ ಜೊತೆ, ಅದರ ನಕಲು, ಕಳೆದ ಒಂದು ವರ್ಷದಲ್ಲಿ ಕೊಟ್ಟ ದೂರುಗಳ ತಾರೀಖು ಮತ್ತು ಸರಿಯಾದ ತಾರೀಖು, ವಸೂಲು ಮಾಡಿದ ದಂಡ ಎಷ್ಟು, ಇಷ್ಟನ್ನು ಕೇಳಿ. ಆಂಧ್ರದಲ್ಲಿ ಹಳ್ಳಿಯ ಮಟ್ಟದ ಕಚೇರಿಗೆ ಅರ್ಜಿ ಶುಲ್ಕವಿಲ್ಲ, ಮಂಡಲ ಮಟ್ಟದಲ್ಲಿ ಐದು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ ಹಾಕಲು ಮತ್ತೆ ಮೂವತ್ತು ದಿನ ಸಮಯವಿದೆ. ಅರ್ಜಿಯನ್ನು ಕೈಯಲ್ಲೇ ಬರೆದು ಕೊಡಬಹುದು, ಅದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ.